ರೊಟ್ಟಿಗೆ ರುಮಾಲು

ನಮ್ಮ ಮನೆಗಳಲ್ಲಿ ಮಗುವಿಗೆ ಮೂರು ವರ್ಷ ತುಂಬಿತೆಂದರೆ ಸಾಕು, ಮನೆಯವರೆಲ್ಲರೂ ಒಮ್ಮೆಲೆ ಉಪಾಧ್ಯಾಯರಾಗಿಬಿಡುತ್ತಾರೆ. ತಂದೆ ಪಾಟಿ ತರುತ್ತಾನೆ. ಸೋದರಮಾವ ಬಣ್ಣಬಣ್ಣದ ಪುಸ್ತಕ ತರುತ್ತಾನೆ. ನೆರೆಮನೆಯವರು ತಮ್ಮ ಮಗು ಆಗಲೇ ನೂರರವರೆಗೆ ಬರೆಯುತ್ತದೆಂಬ ಸುದ್ದಿ ತರುತ್ತಾರೆ. ಈ ಮೂರರಲ್ಲಿ ಮಗುವಿಗೆ ಹೆಚ್ಚಿನ ತೊಂದರೆಯುಂಟುಮಾಡುವುದು ಮೂರನೆಯದೇ ಎಂದು ನನ್ನ ಅನುಭವ. ಅಕ್ಷರವೆಂದರೆ ನಾಶವಿಲ್ಲದ್ದು ಎಂದು ಬಲ್ಲವರು ಅರ್ಥ ಹೇಳುತ್ತಾರೆ. ಆದರೆ ಆ ನಾಶವಿಲ್ಲದ ವಸ್ತುವನ್ನು ನಾಲ್ಕು ವರ್ಷದ ಕೂಸಿನ ಕೈಗೆ ಕೊಡುವ ಆತುರದಲ್ಲಿ, ಅದರ ಮನಸ್ಸಿನಲ್ಲಿರುವ, ಬಹು ಸುಲಭವಾಗಿ ನಾಶವಾಗಬಲ್ಲ ಇನ್ನೊಂದು ವಸ್ತುವನ್ನು ನಾವು ಕೆಡಿಸಿಬಿಡುವುದುಂಟು. ಅದು ಕಲಿಯುವ ಆಸೆ.

ನನ್ನ ಮೊಮ್ಮಗಳ ವಿಷಯದಲ್ಲಿ ಹೀಗೆಯೇ ಆಗುವುದರಲ್ಲಿತ್ತು. ಮಗ ಸೊಸೆ ಇರುವುದು ಬೆಂಗಳೂರಿನಲ್ಲಿ; ಇಬ್ಬರೂ ನೌಕರಿಯವರು. ಕೂಸನ್ನು ಮೂರು ವರ್ಷಕ್ಕೇ ಒಂದು ಶಿಶುಶಾಲೆಗೆ ಸೇರಿಸಿದ್ದರು. ಶಾಲೆಯ ಹೆಸರು ಇಲ್ಲಿ ಬೇಡ. ಅಂಥವು ಎಲ್ಲ ಊರುಗಳಲ್ಲಿಯೂ ಇವೆ. ಮೊದಲ ವರ್ಷದ ಕೊನೆಗೆ ಅಲ್ಲಿಂದ ಒಂದು ಕಾಗದ ಬಂತು. ಮಗು ಚೂಟಿ, ಆದರೆ ಬರವಣಿಗೆಯಲ್ಲಿ ಬಹಳ ಹಿಂದೆ. ಮನೆಯಲ್ಲಿ ದಿನವೂ ಎರಡು ಪುಟ ತಿದ್ದಿಸತಕ್ಕದ್ದು ಎಂದು ಅದರಲ್ಲಿತ್ತು. ಸೊಸೆ ತಿದ್ದಿಸಿದಳು. ದಿನವೆಲ್ಲ ದುಡಿದು ದಣಿದ ತಾಯಿ, ದಿನವೆಲ್ಲ ಕುಳಿತು ದಣಿದ ಮಗು, ನಡುವೆ ಒಂದು ಪೆನ್ಸಿಲು! ಒಂದು ತಿಂಗಳು ಕಳೆಯುವಷ್ಟರಲ್ಲಿ ಕೂಸು ಪೆನ್ಸಿಲನ್ನು ಕಂಡೊಡನೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸತೊಡಗಿತು. ಬರೆಯುವುದನ್ನಷ್ಟೇ ಅಲ್ಲ, ಚಿತ್ರ ಗೀಚುವುದನ್ನೂ ಬಿಟ್ಟಿತು. ಹಿಂದಿನ ವರ್ಷ ನಮ್ಮ ಪಡಸಾಲೆಯ ಗೋಡೆಯ ಮೇಲೆಲ್ಲ ಇದ್ದಿಲಿನಿಂದ ಆನೆ ಬರೆದಿದ್ದ ಕೈಗಳು ಅವು.

“ಅತ್ತೆ, ಡಾಕ್ಟರಿಗೂ ತೋರಿಸಿದೆವು. ಕೈಯಲ್ಲಿ ದೋಷವಿಲ್ಲ ಅಂದರು. ಹಾಗಾದರೆ ದೋಷ ಎಲ್ಲಿದೆ?” ಎಂದು ಸೊಸೆ ಫೋನಿನಲ್ಲಿ ಕೇಳಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಭಯವಿತ್ತು. ಕೂಸನ್ನು ಕೆಲವು ದಿನ ನನ್ನ ಹತ್ತಿರ ಬಿಡಿರೆಂದು ಹೇಳಿದೆ. ಮಾತುಕತೆ ಬಹಳವಾಯಿತು. ಕೊನೆಗೆ ಕಾರಹುಣ್ಣಿಮೆಯಿಂದ ನಾಗರಪಂಚಮಿಯವರೆಗೆ, ಹೆಚ್ಚು ಕಡಿಮೆ ಐವತ್ತು ದಿನ, ಎಂದು ಗೊತ್ತಾಯಿತು.

ನಾವಿರುವುದು ಬಾದಾಮಿ ತಾಲೂಕಿನಲ್ಲಿ, ಶಿವಯೋಗ ಮಂದಿರದ ಸಮೀಪ. 1909ರಲ್ಲಿ ಹಾನಗಲ್ಲಿನ ಕುಮಾರ ಸ್ವಾಮಿಗಳು ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಈ ಸಂಸ್ಥೆಯನ್ನು ನಮ್ಮ ಸೀಮೆಯಲ್ಲಿ ಅರಿಯದವರು ಕಡಿಮೆ. ಮುಂದೆ ಮಠಗಳಿಗೆ ಸ್ವಾಮಿಗಳಾಗತಕ್ಕ ವಟುಗಳು ಇಲ್ಲಿದ್ದು ಸಂಸ್ಕೃತ, ಯೋಗ, ಸಂಗೀತಗಳನ್ನು ಅಭ್ಯಾಸಮಾಡುತ್ತ ಬಂದಿದ್ದಾರೆ. ಇಲ್ಲಿ ತಯಾರಾಗುವ ವಿಭೂತಿ ಗಟ್ಟಿಗೆ ಎಷ್ಟೋ ದೂರದ ಮನೆಗಳ ದೇವರ ಜಗಲಿಯಲ್ಲಿ ಸ್ಥಾನವಿದೆ. ಇಂಥ ವಿದ್ಯಾಸ್ಥಾನದ ನೆರೆಯಲ್ಲಿದ್ದುಕೊಂಡು ನಾನು ಮೊದಲಿನ ಒಂದು ವಾರ ಕೂಸಿನ ಎದುರಿಗೆ ಅಕ್ಷರದ ಹೆಸರನ್ನೇ ಎತ್ತಲಿಲ್ಲ. ಬೆಂಗಳೂರಿನಿಂದ ಬಂದ ಚೀಲದಲ್ಲಿ ತಿದ್ದುವ ಪುಸ್ತಕಗಳು ನಾಲ್ಕಿದ್ದವು. ಅವನ್ನು ಅಟ್ಟದ ಮೇಲೆ ಜೋಳದ ಚೀಲಗಳ ಸಂಗಡ ಇಟ್ಟುಬಿಟ್ಟೆ.

ಎಂಟನೆಯ ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಕೂಸು ಬಂದು ಪಕ್ಕದಲ್ಲಿ ಕುಳಿತಿತು. ಒಂದು ಸಣ್ಣ ಹಿಟ್ಟಿನ ಉಂಡೆಯನ್ನು ಅದರ ಮುಂದಿಟ್ಟೆ. ಅದೂ ಬಡಿಯಿತು, ನಾಲ್ಕಾಣೆಯ ಅಗಲದ ಒಂದು ರೊಟ್ಟಿಯಾಯಿತು. ನಾನು ಹಿಟ್ಟಿನದೇ ಒಂದು ತುಂಡು ಎಳೆಯನ್ನು ಹೊಸೆದು ಅದರ ನೆತ್ತಿಯ ಮೇಲೆ ಇಟ್ಟೆ.

“ರೊಟ್ಟಿಗೆ ರುಮಾಲು ಸುತ್ತಿದ್ಯಾ ಆಯಿ? ಅದಕ್ಕೆ ಚಳಿ ಆಗ್ತದಾ?”

“ಚಳಿ ಅಲ್ಲ, ಮದುವಿಗೆ ಹೊಂಟೈತಿ. ಇದರ ಹೆಸರು ‘ರ’. ರವೆಯ ರ, ರಸದ ರ.”

ಕೂಸು ನಕ್ಕಿತು. ಅಂದು ಹದಿನಾಲ್ಕು ರೊಟ್ಟಿಗಳಿಗೆ ರುಮಾಲು ಸುತ್ತಿತು. ಬೆನ್ನ ಹಿಂದೆ ಅಡಗುತ್ತಿದ್ದ ಕೈಗಳು ಹಿಟ್ಟು ಮೆತ್ತಿಕೊಂಡು ನನ್ನ ಕಣ್ಣೆದುರಿಗೇ ಇದ್ದವು.

ನಮ್ಮ ಲಿಪಿಯನ್ನು ಮನೆಯ ವಸ್ತುಗಳಿಂದ ಕಲಿಸುವುದಕ್ಕೆ ಹೊಸ ಉಪಾಯವೇನೂ ಬೇಕಾಗಿಲ್ಲ. ಹಿರಿಯರು ಅಕ್ಷರದ ಅಂಗಾಂಗಗಳಿಗೆ ಇಟ್ಟ ಹೆಸರುಗಳನ್ನೇ ನೋಡಿರಿ. ತಲೆಯ ಮೇಲಿರುವುದು ತಲೆಕಟ್ಟು. ‘ಕಿ’ಗೆ ಬರುವುದು ಗುಡಿಸು, ‘ಕು’ವಿಗೆ ಕೊಂಬು, ‘ಕೃ’ವಿಗೆ ವಟ್ರಸುಳಿ, ‘ಕಂ’ಗೆ ಸೊನ್ನೆ. ‘ದ’ಕಾರದ ಕೆಳಗೆ ಒಂದು ಸೀಳು ಹಾಕಿದರೆ ‘ಧ’. ‘ಡ’ಕ್ಕೆ ಹಾಕಿದರೆ ‘ಢ’. ‘ಬ’ಕ್ಕೆ ಹಾಕಿದರೆ ‘ಭ’. ಹೊಟ್ಟೆ ಸೀಳಿದ ಅಕ್ಷರವೆಂದು ಅದನ್ನು ಎಷ್ಟೋ ಪಂತೋಜಿಗಳು ಕಲಿಸಿದ್ದಾರೆ. ರುಮಾಲು, ಕೊಂಬು, ಸುಳಿ, ಹೊಟ್ಟೆ! ಇವುಗಳಲ್ಲಿ ನಾಲ್ಕು ವರ್ಷದ ಮಗುವಿಗೆ ತಿಳಿಯದ್ದು ಯಾವುದಿದೆ? ಈ ಹೆಸರುಗಳನ್ನು ಇಟ್ಟವರು ಮಕ್ಕಳನ್ನು ಬಲ್ಲವರೇ ಆಗಿರಬೇಕು.

ಒಂದು ಮಾತನ್ನು ಮಾತ್ರ ನೆನಪಿಡಬೇಕು. ರೊಟ್ಟಿ ‘ರ’ದ ಆಕಾರವನ್ನು ಕೊಡುತ್ತದೆಯೇ ಹೊರತು ಅದರ ಧ್ವನಿಯನ್ನಲ್ಲ, ರೊಟ್ಟಿಯ ಮೊದಲಿಗೆ ಇರುವುದು ‘ರೊ’. ಮಗುವಿನ ಕಿವಿ ಬಹಳ ಸೂಕ್ಷ್ಮ. ಆದ್ದರಿಂದ ಧ್ವನಿಗೆ ಬೇರೆ ಆಟವೇ ಬೇಕು. ಮಧ್ಯಾಹ್ನ ಊಟವಾದ ಮೇಲೆ ನಾನು ಒಂದು ಬುಟ್ಟಿ ಹಿಡಿದು ಕುಳಿತು, “ಸ ಎಂದು ಶುರುವಾಗುವ ಸಾಮಾನು ತಾ” ಎನ್ನುತ್ತಿದ್ದೆ. ಕೂಸು ಸರ ತರುತ್ತಿತ್ತು, ಸಕ್ಕರೆಯ ಡಬ್ಬಿ ತರುತ್ತಿತ್ತು. ಒಮ್ಮೆ “ಸಗಣಿ” ಎಂದು ಹಿತ್ತಲಿಗೆ ಓಡಿತು, ನಾನು ಹಿಂದೆ ಓಡಿದೆ. ಕಿವಿಗೆ ಧ್ವನಿ ಪರಿಚಯವಾದ ಮೇಲೆಯೇ ಕಣ್ಣಿಗೆ ಆಕಾರ, ಅದರ ಮೇಲೆ ಕೈಗೆ ರಚನೆ, ಎಲ್ಲಕ್ಕೂ ಕೊನೆಯಲ್ಲಿ ಪೆನ್ಸಿಲು: ಇದು ನಾನು ಇಟ್ಟುಕೊಂಡ ಕ್ರಮ.

ನಮ್ಮವರಿಗೂ ಈ ಆಟದಲ್ಲಿ ಉತ್ಸಾಹ ಬಂತು. ನಮ್ಮ ಕಡೆ ಜೋಳದ ದಂಟಿನ ಸಿಪ್ಪೆಯನ್ನೂ ಒಳಗಿನ ಬೆಂಡನ್ನೂ ಜೋಡಿಸಿ ಬಂಡಿ, ಎತ್ತು, ಕನ್ನಡಕಗಳನ್ನು ಮಾಡುವುದು ಹುಡುಗರ ಹಳೆಯ ಕಸುಬು. ಅವರು ದಂಟಿನಿಂದ ಒಂದು ಚಕ್ಕಡಿ ಮಾಡಿ ಕೊಟ್ಟು, ಅಕ್ಷರಗಳನ್ನೂ ಮಾಡುವೆನೆಂದು ಕುಳಿತರು. ಕನ್ನಡದ ಅಕ್ಷರ ಮಾಡಹೋದರೆ ದಂಟು ಮುರಿಯಿತೇ ಹೊರತು ಬಗ್ಗಲಿಲ್ಲ. ಇಂಗ್ಲಿಷಿನ ಎ, ಇ, ಎಚ್ ಮೊದಲಾದವುಗಳನ್ನು ಮೂರು ನಾಲ್ಕು ಕಡ್ಡಿಗಳಿಂದ ಕಟ್ಟಬಹುದು. ಆ ಭಾಷೆಯ ಮಕ್ಕಳ ಪುಸ್ತಕಗಳಲ್ಲಿ ಕಡ್ಡಿಯ ಆಟಗಳು ಹೇರಳವಾಗಿರುವುದು ಅದಕ್ಕೇ. ನಮ್ಮವು ದುಂಡು ಜಾತಿಯ ಅಕ್ಷರಗಳು. ತಾಳೆಯೋಲೆಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಓಲೆ ಸೀಳುತ್ತಿದ್ದುದರಿಂದ ದಕ್ಷಿಣದ ಲಿಪಿಗಳು ದುಂಡಾದವೆಂದು ವಿದ್ವಾಂಸರು ಹೇಳುವುದುಂಟು. ಕಾರಣ ಏನೇ ಇರಲಿ, ಕನ್ನಡಕ್ಕೆ ಒಪ್ಪುವ ಸಾಧನಗಳು ಬಗ್ಗುವಂಥವು: ಮಣ್ಣು, ಕಣಕ, ದಾರ, ಹುರಿ. ಇಲ್ಲವೇ ಸಾಲಾಗಿ ಜೋಡಿಸಲು ಬರುವಂಥವು: ಹುಣಸೆಬೀಜ, ಗುಂಡಿ, ಬಳೆಚೂರು. ಜೋಳದ ಹಿಟ್ಟಿಗೂ ಜಿಗಿ ಕಡಿಮೆ. ಉದ್ದನೆಯ ಎಳೆ ಹೊಸೆದರೆ ತುಂಡಾಗುತ್ತದೆ. ಆದಕಾರಣ ನಾನು ಮರುದಿನದಿಂದಲೇ ಗೋದಿಯ ಕಣಕಕ್ಕೆ ಬಂದೆ.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಜ್ಯೇಷ್ಠದ ಕೊನೆಯ ದಿನ ಮನೆಮನೆಗೂ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವ ಹಬ್ಬ ಅದು. ಎರೆಮಣ್ಣು ಒಣಗಿದರೆ ಬಿರಿಯುತ್ತದೆ. ಅದಕ್ಕೆ ಅರಳೆಯ ಎಳೆಗಳನ್ನು ಬೆರೆಸಿ ಚೆನ್ನಾಗಿ ಕುಟ್ಟಬೇಕು. ಕೂಸು ಎತ್ತು ಮಾಡಿತು. ಎತ್ತಿಗೆ ಕೊಂಬು ಮಾಡಿತು. ಉಳಿದ ಮಣ್ಣನ್ನು ಉದ್ದಕ್ಕೆ ಹಾವಿನಂತೆ ಹೊಸೆಯಿತು. ಆ ಹಾವುಗಳನ್ನು ಹಲಗೆಯ ಮೇಲೆ ಬಗ್ಗಿಸಿ ಇಬ್ಬರೂ ಅಕ್ಷರ ಮಾಡಲು ಕುಳಿತೆವು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಲು ಹೆಣ್ಣುಮಕ್ಕಳು ಮತ್ತೆ ಮಣ್ಣು ತರುತ್ತಾರಷ್ಟೆ. ಹೀಗಾಗಿ ನಮ್ಮ ಶಾಲೆಗೆ ಸಾಮಗ್ರಿಯ ಕೊರತೆ ಬೀಳಲಿಲ್ಲ.

ಯಾವ ಅಕ್ಷರ ಮೊದಲು? ನಮ್ಮ ಕಾಲದಲ್ಲಿ ಅ, ಆ, ಇ, ಈ ಎಂದು ಆರಂಭಿಸಿ ನಲವತ್ತೊಂಬತ್ತನ್ನೂ ಸಾಲಾಗಿ ಒಪ್ಪಿಸುತ್ತಿದ್ದೆವು. ಬಾಯಿಗೆ ಆ ಕ್ರಮ ಬಹಳ ಸೊಗಸು. ಆದರೆ ಕೈಗೆ? ‘ಋ’, ‘ಐ’, ‘ಔ’ಗಳ ಸುರುಳಿಗಳನ್ನು ಸುತ್ತುವಷ್ಟರಲ್ಲಿ ಮಗುವಿಗೆ ಸಾಕುಸಾಕಾಗುತ್ತದೆ; ಸ್ವರಗಳೆಲ್ಲ ಮುಗಿದರೂ ಓದಲು ಒಂದು ಪದ ಹುಟ್ಟಿರುವುದಿಲ್ಲ. ನಮ್ಮ ರಾಜ್ಯದ ಒಂದನೆಯ ತರಗತಿಯ ಪಾಠಗಳು ‘ರ ಗ ಸ ದ ಅ’ ಎಂಬ ಐದರಿಂದ ಮೊದಲಾಗಿ, ಅನಂತರ ‘ಜ ವ ಮ ಬ ನ’ ಎಂಬ ಐದಕ್ಕೆ ಹೋಗುತ್ತವೆ. ಅಂಗನವಾಡಿಯ ಕಾರ್ಯಕರ್ತೆಯೊಬ್ಬಳು ಇದನ್ನು ತಿಳಿಸಿದಾಗ ನನಗೆ ಮೊದಲು ವಿಚಿತ್ರವೆನಿಸಿತು. ಮಾಡಿ ನೋಡಿದ ಮೇಲೆ ಅದರ ಮರ್ಮ ತಿಳಿಯಿತು. ಆಕಾರ ಸುಲಭ; ಒಂದು ಬಂದರೆ ಇನ್ನೊಂದು ಬರುತ್ತದೆ; ಎಲ್ಲಕ್ಕಿಂತ ಹೆಚ್ಚಾಗಿ, ಐದೇ ಅಕ್ಷರಗಳಿಂದ ಸರ, ರಸ, ಅರಸ, ಅಗಸ ಎಂಬ ಪದಗಳು ಕೂಡಲೇ ಹುಟ್ಟುತ್ತವೆ.

ಹಲಗೆಯ ಮೇಲೆ ಐದು ಮಣ್ಣಿನ ಅಕ್ಷರಗಳು ಒಣಗಿದ ದಿನ ನಮ್ಮವರು ಗೋಡೆಗೆ ತೂಗುಹಾಕಿದ್ದ ಗರಗಸವನ್ನು ತೋರಿಸಿ, “ಇದನ್ನು ಮಾಡು ನೋಡೋಣ” ಎಂದರು. ಕೂಸು ‘ಗ’ ಇಟ್ಟಿತು, ‘ರ’ ಇಟ್ಟಿತು, ಮುಂದೆ ನಿಂತುಬಿಟ್ಟಿತು. ಬಾಯಲ್ಲಿ ಮೆಲ್ಲಗೆ ಗ-ರ-ಗ-ಸ ಎಂದುಕೊಂಡಿತು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಮಣ್ಣು ತಂದು ಇನ್ನೊಂದು ‘ಗ’ ಮಾಡಿತು. ಯಾರೂ ಹೇಳಿರಲಿಲ್ಲ. ಒಂದು ಪದದಲ್ಲಿ ಒಂದೇ ಧ್ವನಿ ಎರಡು ಸಲ ಬರಬಹುದು, ಆಗ ಅಕ್ಷರವೂ ಎರಡು ಬೇಕು: ಓದುಬರಹದ ಗುಟ್ಟೆಲ್ಲ ಅಷ್ಟರಲ್ಲಿಯೇ ಇದೆಯಲ್ಲವೆ?

ಆಷಾಢದ ಒಂದು ಸೋಮವಾರ ಕೂಸನ್ನು ಶಿವಯೋಗ ಮಂದಿರಕ್ಕೆ ಕರೆದುಕೊಂಡು ಹೋಗಿದ್ದೆ. ಕುಮಾರ ಸ್ವಾಮಿಗಳ ಗದ್ದುಗೆಗೆ ನಮಸ್ಕರಿಸಿದೆವು, ದನಗಳನ್ನು ನೋಡಿದೆವು. ವಿಭೂತಿ ಹೇಗಾಗುತ್ತದೆಂದು ಕೂಸು ಕೇಳಿತು. ಆಕಳ ಸಗಣಿಯನ್ನು ಒಣಗಿಸಿ, ಸುಟ್ಟು ಬೂದಿಮಾಡಿ, ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ, ತಿಳಿ ಬಸಿದು, ಕೆಳಗೆ ನಿಂತ ನುಣುಪನ್ನು ಗಟ್ಟಿಮಾಡಿ ಒಣಗಿಸುತ್ತಾರೆ ಎಂದು ಹೇಳಿದೆ. “ಎಷ್ಟು ಹೊತ್ತು ಒಣಗಬೇಕು?” ಎಂದಿತು. ಒಣಗುವವರೆಗೆ ಎಂದೆ. ಆ ಉತ್ತರ ಅದಕ್ಕೆ ಸರಿಯೆನಿಸಿತು. ದೊಡ್ಡವರಾದ ನಮಗೆ ಅಂಥ ಉತ್ತರದಿಂದ ಸಮಾಧಾನವಾಗುವುದಿಲ್ಲ.

ಅಲ್ಲಿ ನಿಂತಾಗ ನನಗೆ ಪಂಚಾಕ್ಷರ ಗವಾಯಿಗಳ ನೆನಪಾಯಿತು. ಹುಟ್ಟಿನಿಂದಲೇ ಕಣ್ಣು ಕಾಣದಿದ್ದ ಆ ಬಾಲಕನನ್ನು ಕುಮಾರ ಸ್ವಾಮಿಗಳು ಪೋಷಿಸಿ ಸಂಗೀತ ಕಲಿಸಿದರು. ಅವರೇ ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಗುರುವಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರಾದರೂ ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಕೃತಿಗಳನ್ನು ರಚಿಸಿದರು. ಫ್ರಾನ್ಸಿನ ಲೂಯಿ ಬ್ರೈಲ್ ಹದಿನೈದು ವರ್ಷದ ಹುಡುಗನಿದ್ದಾಗ, 1824ರಲ್ಲಿ, ಆರು ಉಬ್ಬು ಚುಕ್ಕೆಗಳಿಂದ ಬೆರಳಿನಿಂದ ಓದುವ ಲಿಪಿಯನ್ನು ಕಟ್ಟಿದನು. 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಒಪ್ಪುವ ಭಾರತಿ ಬ್ರೈಲ್ ರೂಪುಗೊಂಡಿತು. ಕನ್ನಡವೂ ಅದರಲ್ಲಿ ಬರುತ್ತದೆ. ವಿದ್ಯೆಗೆ ಕಣ್ಣೊಂದೇ ಬಾಗಿಲಲ್ಲವೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಇಷ್ಟು ದೊಡ್ಡ ಸಾಕ್ಷಿಯಿರುವಾಗ, ಕಣ್ಣಿದ್ದ ಮಕ್ಕಳಿಗೆ ಬೆರಳಿನ ಬಾಗಿಲನ್ನು ನಾವೇಕೆ ಮುಚ್ಚಬೇಕು?

ಬಲ್ಲವರೂ ಇದನ್ನೇ ಹೇಳುತ್ತಾರೆ. 1907ರಲ್ಲಿ ರೋಮ್ ನಗರದ ಬಡಜನರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದ ಮಾರಿಯಾ ಮಾಂಟೆಸೊರಿ, ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳು ಬೆರಳಾಡಿಸುವಂತೆ ಮಾಡಿದರು. ಅವರು 1939ರಲ್ಲಿ ಮದರಾಸಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದು, ಇಲ್ಲಿಯ ಉಪಾಧ್ಯಾಯರಿಗೆ ಶಿಕ್ಷಣ ಕೊಟ್ಟರು. ಗುಜರಾತಿನ ಗಿಜುಭಾಯಿಯವರು 1920ರಲ್ಲಿ ಭಾವನಗರದ ಬಾಲಮಂದಿರದಲ್ಲಿ ಈ ದಾರಿಯನ್ನು ಹಿಡಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಹಂತಕ್ಕೆ ಆಟವನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಇದಕ್ಕೆ ಶರೀರದಲ್ಲಿಯೇ ಕಾರಣವುಂಟು. ನಮ್ಮ ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಹುಟ್ಟಿದ ಕೂಸಿನಲ್ಲಿ ಅವು ಇನ್ನೂ ಮೆದುವಾಗಿದ್ದು, ವರ್ಷಗಳ ಮೇಲೆ ಒಂದೊಂದಾಗಿ ಗಟ್ಟಿಯಾಗುತ್ತವೆ. ನಾಲ್ಕು ವರ್ಷಕ್ಕೆ ಆ ಕೆಲಸ ಅರ್ಧದಾರಿಯಲ್ಲಿರುತ್ತದೆ. ಬೆರಳುಗಳ ಸ್ನಾಯುಗಳೂ ಅಷ್ಟೇ. ಹಿಟ್ಟು ನಾದುವುದು, ಮಣ್ಣು ಹೊಸೆಯುವುದು, ಬಟಾಣಿ ಸುಲಿಯುವುದು, ಮಣಿ ಪೋಣಿಸುವುದು ಇವೆಲ್ಲ ಆ ಸ್ನಾಯುಗಳಿಗೆ ಗರಡಿಮನೆ. ಗರಡಿ ಮಾಡಿಸದೆ ಕುಸ್ತಿಗೆ ಇಳಿಸಿದರೆ ಪೈಲವಾನನೂ ಕೈ ಹಿಂದೆ ಕಟ್ಟಿಕೊಂಡು ನಿಂತಾನು.

ಮಣ್ಣಿನ ಅಕ್ಷರಗಳಿಗೆ ಒಂದು ದೋಷವಿತ್ತು, ಅವು ಒಡೆಯುತ್ತಿದ್ದವು. ಒಡೆದ ‘ಸ’ವನ್ನು ಹಿಡಿದು ಕೂಸು ಅತ್ತ ದಿನ ನನಗೆ ಕೌದಿಯ ಯೋಚನೆ ಬಂತು. ನಮ್ಮ ಸೀಮೆಯಲ್ಲಿ ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚೂರುಗಳನ್ನು ಜೋಡಿಸಿ ಹೊಲಿಯುವ ಹೊದಿಕೆಯೇ ಕೌದಿ. ಕನ್ನಡದ ಅಕ್ಷರಗಳು ನಲವತ್ತೊಂಬತ್ತು: ಸ್ವರಗಳು ಹದಿಮೂರು, ಯೋಗವಾಹಗಳು ಎರಡು, ವ್ಯಂಜನಗಳು ಮೂವತ್ತುನಾಲ್ಕು. ಏಳೇಳಲೆ ನಲವತ್ತೊಂಬತ್ತು! ಉದ್ದಕ್ಕೆ ಏಳು, ಅಡ್ಡಕ್ಕೆ ಏಳು ಚೌಕ ಹಾಕಿದರೆ ಕೂಸಿಗೆ ಹೊದೆಯುವಷ್ಟು ಒಂದು ಕೌದಿಯಾಗುತ್ತದೆ. ಲೆಕ್ಕ ಹೀಗೆ ಕೂಡಿಬಂದುದನ್ನು ನೋಡಿ ನನಗೇ ಹಿಗ್ಗಾಯಿತು.

ಪ್ರತಿಯೊಂದು ಚೌಕಕ್ಕೂ ಮನೆಯ ಒಬ್ಬೊಬ್ಬರ ಬಟ್ಟೆ. ‘ಅ’ಕ್ಕೆ ಅಜ್ಜನ ಧೋತರದ ಅಂಚು. ‘ರ’ಕ್ಕೆ ನನ್ನ ಹಳೆಯ ಇಳಕಲ್ಲ ಸೀರೆಯ ಕೆಂಪು ರೇಶಿಮೆ ಸೆರಗು. ‘ಗ’ಕ್ಕೆ ಗುಳೇದಗುಡ್ಡದ ಖಣದ ತುಂಡು. ‘ಸ’ಕ್ಕೆ ಸೊಸೆ ಇಲ್ಲಿ ಬಿಟ್ಟುಹೋಗಿದ್ದ ನೂಲಿನ ಸೀರೆಯ ಚೂರು. ‘ದ’ಕ್ಕೆ ಕೂಸಿನದೇ ಗಿಡ್ಡವಾದ ಲಂಗ. ಚೌಕದ ಮೇಲೆ ಸುಣ್ಣದ ಕಡ್ಡಿಯಿಂದ ಅಕ್ಷರ ಬರೆದು, ಅದರ ಮೇಲೆ ದಪ್ಪನೆಯ ಹುರಿಯನ್ನು ಇಟ್ಟು, ಸರಪಳಿ ಹೊಲಿಗೆಯಿಂದ ಬಿಗಿದೆ. ಹುರಿಯನ್ನು ಬಗ್ಗಿಸಿ ಇಡುವುದು ಕೂಸಿನ ಕೆಲಸ, ಹೊಲಿಯುವುದು ನನ್ನದು. ಬರೆಯುವಾಗ ಕೈ ಹೇಗೆ ಹೋಗಬೇಕೋ ಅದೇ ದಿಕ್ಕಿನಲ್ಲಿ ಹುರಿಯೂ ಹೋಗುವಂತೆ ನೋಡಿಕೊಂಡೆ. ರಾತ್ರಿ ದೀಪ ಆರಿಸಿದ ಮೇಲೆ ಕೂಸು ಹಾಸಿಗೆಯಲ್ಲಿ ಬೆರಳಿನಿಂದ ಹುರಿಯನ್ನು ಹಿಂಬಾಲಿಸುತ್ತ, “ಇದು ಅಜ್ಜ... ಇದು ನೀನು... ಇದು ಅಮ್ಮ” ಎನ್ನುತ್ತಿತ್ತು. ಎಷ್ಟೋ ರಾತ್ರಿ ಅದರ ಬೆರಳು ನಿಂತದ್ದು ತಾಯಿಯ ಸೀರೆಯ ‘ಸ’ದ ಮೇಲೆ.

ಜುಲೈ ತಿಂಗಳಲ್ಲಿ ಸೊಸೆ ಎರಡು ದಿನದ ರಜೆಯ ಮೇಲೆ ಬಂದಳು. ಮಗುವನ್ನು ಎತ್ತಿಕೊಂಡು ಮುದ್ದಾಡಿ, ಕಾಲು ತೊಳೆದು ಬಂದು ಕುಳಿತವಳೇ ಕೇಳಿದಳು: “ಅತ್ತೆ, ಎಷ್ಟು ಅಕ್ಷರ ಬಂತು?”

“ಏಳು.”

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಇವಳ ಜೊತೆಯ ಮಕ್ಕಳು ಎ ಬಿ ಸಿ ಡಿ ಮುಗಿಸಿದ್ದಾರೆ. ನಾನೇನು ಮಗುವಿನ ಶತ್ರುವೆ? ಒಂದನೆಯ ತರಗತಿಗೆ ಸೇರಿಸಲು ಹೋದಾಗ ಅಲ್ಲಿ ನಿಲ್ಲುವವಳು ನಾನು. ಬರುವುದಿಲ್ಲ ಎಂದು ಹೇಳಿಸಿಕೊಳ್ಳುವವಳು ನಾನು” ಎಂದಳು.

ಅವಳ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಹಳ್ಳಿಯ ಪಡಸಾಲೆಯಲ್ಲಿ ಕುಳಿತು ಆತುರ ಬೇಡವೆನ್ನುವುದು ನನಗೆ ಸಾಧ್ಯ. ನಗರದಲ್ಲಿ, ಎಲ್ಲರೂ ಓಡುತ್ತಿರುವ ಬೀದಿಯಲ್ಲಿ, ತನ್ನ ಮಗುವನ್ನು ಒಂಟಿಯಾಗಿ ನಡೆಸುವ ತಾಯಿಗೆ ಎಷ್ಟು ಧೈರ್ಯ ಬೇಕು! ನಾನು ವಾದಮಾಡಲಿಲ್ಲ. ರಾತ್ರಿ 'ಇವತ್ತು ಕೂಸಿನ ಹತ್ತಿರ ನೀನೇ ಮಲಗು' ಎಂದೆ ಅಷ್ಟೆ.

ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಸೊಸೆ ಪಡಸಾಲೆಯಲ್ಲಿ ಸೂಜಿದಾರ ಹಿಡಿದು ಕುಳಿತಿದ್ದಳು. ಎಂಟನೆಯ ಚೌಕ ಅವಳ ತೊಡೆಯ ಮೇಲಿತ್ತು. ಏಳನೆಯದಾದ ‘ವ’ ಮುಗಿದಿತ್ತು. ಆ ‘ವ’ಕ್ಕೆ ಒಂದು ಬಾಲ ತಿರುವಿದರೆ ‘ಮ’. “ಇದು ನಾನೇ ಹೊಲಿಯುತ್ತೇನೆ ಅತ್ತೆ” ಎಂದಳು. ರಾತ್ರಿ ಏನು ನಡೆಯಿತೋ ನಾನು ಕೇಳಲಿಲ್ಲ. ಅಟ್ಟದ ಮೇಲಿನ ನಾಲ್ಕು ಪುಸ್ತಕಗಳನ್ನು ಅವಳೂ ಕೇಳಲಿಲ್ಲ.

ಪಂಚಮಿಗೆ ನಾಲ್ಕು ದಿನವಿರುವಾಗ ಕೂಸು ತಾನಾಗಿಯೇ ಅಜ್ಜನ ಪೆನ್ಸಿಲನ್ನು ತೆಗೆದುಕೊಂಡಿತು. ಅಪ್ಪನಿಗೆ ಕಾಗದ ಬರೆಯಬೇಕಂತೆ. ‘ಪ’ ನಮ್ಮ ಸರದಿಯಲ್ಲಿ ಇನ್ನೂ ಬಂದಿರಲಿಲ್ಲ. ಅದನ್ನು ತೋರಿಸೆಂದು ಕೇಳಿತು. ಹುರಿ ಬಗ್ಗಿಸಿ ತೋರಿಸಿದೆ. ಒಂದು ‘ಅ’ ಬರೆದು, ಮುಂದೆ ಎರಡು ‘ಪ’ಗಳನ್ನು ಬರೆಯಿತು, ಗರಗಸಕ್ಕೆ ಎರಡು ‘ಗ’ ಬೇಕಾದಂತೆ ಅಪ್ಪನಿಗೆ ಎರಡು ‘ಪ’ ಬೇಕಲ್ಲವೆ? ಅದರಲ್ಲಿ ಒಂದು ‘ಪ’ ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ನಮ್ಮವರು ಒತ್ತಕ್ಷರವನ್ನು ತಿದ್ದಲು ಕೈ ಮುಂದೆ ಮಾಡಿದರು. ನಾನು ಸನ್ನೆಮಾಡಿ ತಡೆದೆ. ಅಕ್ಷರ ತಿರುಗುಮುರುಗಾಗುವುದು ಈ ವಯಸ್ಸಿನಲ್ಲಿ ಎಲ್ಲ ಮಕ್ಕಳಿಗೂ ಸಾಮಾನ್ಯ. ಆರು ಏಳು ವರ್ಷಗಳ ಹೊತ್ತಿಗೆ ಬಹುಮಟ್ಟಿಗೆ ತಾನೇ ಸರಿಹೋಗುತ್ತದೆ. ಒತ್ತಕ್ಷರಕ್ಕೂ ಒಂದು ಕಾಲ ಬರುತ್ತದೆ. ಕಾಗದ ಹಾಗೆಯೇ ಅಂಚೆಗೆ ಹೋಯಿತು. ಅದನ್ನು ಓದಲು ನನ್ನ ಮಗನಿಗೆ ಯಾವ ತೊಂದರೆಯೂ ಆಗಲಿಲ್ಲ.

ನಗರದ ಮನೆಯಲ್ಲಿ ಎರೆಮಣ್ಣೆಲ್ಲಿ, ಹಿತ್ತಲೆಲ್ಲಿ ಎಂದು ಓದುಗ ತಾಯಂದಿರು ಕೇಳಬಹುದು. ಮಣ್ಣಿಲ್ಲದಿದ್ದರೆ ಚಪಾತಿಯ ಕಣಕವಿದೆ. ಚಿಟಿಕೆ ಉಪ್ಪು, ಚಿಟಿಕೆ ಅರಿಸಿನ ಹಾಕಿದರೆ ಬಣ್ಣದ ಕಣಕವಾಗುತ್ತದೆ. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ರವೆ ಹರವಿದರೆ ಅದೇ ಹಿಂದಿನ ಕಾಲದ ಮರಳಿನ ಹಲಗೆ: ಬೆರಳಿನಿಂದ ಬರೆಯಬಹುದು, ಅಲುಗಿಸಿದರೆ ಅಳಿಯುತ್ತದೆ, ತಪ್ಪಿನ ಗುರುತು ಉಳಿಯುವುದಿಲ್ಲ. ಮದುವೆಯ ಕರೆಯೋಲೆಗಳ ದಪ್ಪ ಕಾಗದದ ಮೇಲೆ ಉಪ್ಪುಕಾಗದದ ಅಕ್ಷರ ಕತ್ತರಿಸಿ ಅಂಟಿಸಿರಿ, ಬೆರಳಿನಲ್ಲಿ ತಿದ್ದಲಿ. ಅಂಗಳದಲ್ಲಿ ನೀರಿನ ತಂಬಿಗೆ, ಒಂದು ಹಳೆಯ ಕುಂಚ ಕೊಟ್ಟರೆ ಮಗು ಬಿಸಿಲಿನಲ್ಲಿ ನೆಲದ ಮೇಲೆ ಬರೆಯುತ್ತದೆ, ಬಿಸಿಲೇ ಒರೆಸುತ್ತದೆ. ಬೀಜ, ಗುಂಡಿಗಳ ಆಟವಾದರೆ ಪಕ್ಕದಲ್ಲಿ ದೊಡ್ಡವರು ಕುಳಿತಿರಲೇಬೇಕು. ಸಣ್ಣ ಮಕ್ಕಳು ಅವನ್ನು ಮೂಗಿನಲ್ಲಿ, ಬಾಯಲ್ಲಿ ಹಾಕಿಕೊಂಡು ಅನಾಹುತವಾಗುವುದುಂಟು. ಮೂರು ವರ್ಷದೊಳಗಿನ ಕೂಸಿಗೆ ಅವು ಬೇಡವೇ ಬೇಡ. ಹೊತ್ತು ಹದಿನೈದು ನಿಮಿಷ ಮೀರಬಾರದು. ಮಗು ಇನ್ನೂ ಬೇಕೆನ್ನುವಾಗಲೇ ನಿಲ್ಲಿಸುವುದು ಜಾಣತನ. ಒಂದು ವಾರಕ್ಕೆ ಒಂದು ಅಕ್ಷರ ಬಂದರೂ ವರ್ಷಕ್ಕೆ ಕನ್ನಡದ ವರ್ಣಮಾಲೆ ಮುಗಿದು ಇನ್ನೂ ಮೂರು ವಾರ ಉಳಿಯುತ್ತದೆ. ಯಾರೂ ಹಿಂದೆ ಬೀಳುವುದಿಲ್ಲ.

ಪಂಚಮಿಯ ಉಂಡಿ ಕಟ್ಟಿಕೊಂಡು ಕೂಸು ಬೆಂಗಳೂರಿಗೆ ಹೊರಟಾಗ ಅದಕ್ಕೆ ಬಂದಿದ್ದ ಅಕ್ಷರಗಳು ಹನ್ನೊಂದು: ಪಾಠದ ಕ್ರಮದ ಹತ್ತು, ಅಪ್ಪನಿಗಾಗಿ ಸರದಿ ಮುರಿದು ಬಂದ ‘ಪ’ ಒಂದು. ಸೊಸೆ ಶಿಶುಶಾಲೆಗೆ ಹೋಗಿ, ದಿನದ ಎರಡು ಪುಟ ತನ್ನ ಮಗುವಿಗೆ ಬೇಡವೆಂದು ಹೇಳಿ ಬಂದಳು. ಅವರು ಮುಖ ಸಿಂಡರಿಸಿದರಂತೆ, ಆದರೂ ಒಪ್ಪಿದರಂತೆ. ಕೌದಿಯಲ್ಲಿ ಇನ್ನೂ ಮೂವತ್ತೆಂಟು ಚೌಕಗಳು ಖಾಲಿ ಇವೆ. ಶನಿವಾರ ರಾತ್ರಿ ತಾಯಿ ಮಗಳು ಒಂದೊಂದನ್ನು ಹಿಡಿದು ಕುಳಿತುಕೊಳ್ಳುತ್ತಾರೆ. ಕಳೆದ ವಾರ ಫೋನು ಬಂದಿತ್ತು: ‘ಉ’ಕ್ಕೆ ಹಾಕಲು ಮನೆಯಲ್ಲಿ ಯಾರ ಬಟ್ಟೆಯೂ ಸಿಗುತ್ತಿಲ್ಲ, ಏನಾದರೂ ಕಳಿಸು ಎಂದು. ಪಂಚಮಿಗೆ ಉಂಡಿ ಕಟ್ಟಿ ಕಳಿಸಿದ್ದ ಬಿಳಿಯ ಅರಿವೆಯಲ್ಲಿ ಉಳಿದಿದ್ದ ಅರ್ಧವನ್ನು ಒಗೆದು ಅಂಚೆಗೆ ಹಾಕಿದ್ದೇನೆ.